ಮಾವನ ಅಂಗಡಿಯ ಅರವತ್ತೈದು ಪರ್ಸೆಂಟ್

ಗೋವಾಕ್ಕೆ ಹೊರಟಿದ್ದೀನಿ ಅಂದ ಕೂಡಲೇ ಊರಲ್ಲಿ ನನ್ನ ಬೆಲೆ ಏರಿತ್ತು. 2006ರ ಮಾತು. ಪಿಯುಸಿ ಅಕೌಂಟೆನ್ಸಿಯಲ್ಲಿ ಎರಡನೇ ಸಲ ಡುಮ್ಕಿ ಹೊಡೆದಿದ್ದೆ. ಅಪ್ಪ ನನ್ನ ಜೊತೆ ಮಾತು ಬಿಟ್ಟು ಎಮ್ಮೆ ಜೊತೆ ಜಾಸ್ತಿ ಮಾತಾಡುತ್ತಿದ್ದರು. ಅವ್ವ ತನ್ನ ತಮ್ಮನಿಗೆ ಫೋನ್ ಹಚ್ಚಿ "ಇವನ್ನ ಒಂದು ದಾರಿಗೆ ಹಚ್ಚೋ" ಅಂತ ಅತ್ತಳು. ಮಾವ ಹೇಳಿದ ಮಾತನ್ನು ಹೇಳಿದ ಹಾಗೇ ಮಾಡುವ ಮನುಷ್ಯ. ನನ್ನನ್ನು ದಾರಿಗೇ ಹಚ್ಚಿದ. ಅವನ ಚಾದಂಗಡಿ ಇದ್ದದ್ದು ದಾರಿ ಮೇಲೆ.

ಗೆಳೆಯರಿಗೆ ಗೋವಾ ಅಂದ್ರೆ ಬೀಚು, ಬೀರು, ಮತ್ತೆ ಇಲ್ಲಿ ಬರೆಯಲಾಗದ ಇನ್ನೊಂದು. ನನಗೂ ಅಷ್ಟೇ ಗೊತ್ತಿದ್ದದ್ದು. ಹುಬ್ಬಳ್ಳಿಯ ದುರ್ಗದಬೈಲ್‌ನಲ್ಲಿ ಒಂದು ಬಿಳಿ ಅಂಗಿ, ನಲವತ್ತು ರೂಪಾಯಿಯ ಕಪ್ಪು ಕನ್ನಡಕ ತಗೊಂಡು ವಾಸ್ಕೋ ರೈಲು ಹತ್ತಿದೆ. ಕ್ಯಾಸಲ್‌ರಾಕ್ ದಾಟಿತು, ದೂಧ್‌ಸಾಗರ ಹಾಲಿನ ಹಾಗೆ ಸುರಿಯುತ್ತಿತ್ತು, ಡಬ್ಬಿಯ ಬಾಗಿಲಲ್ಲಿ ಕನ್ನಡಕ ಹಾಕಿಕೊಂಡು ನಿಂತು ನಾನು ಆಗಲೇ ಅರ್ಧ ಗೋವಾದವನಾಗಿದ್ದೆ. ಸಾವರ್ಡೆಯಲ್ಲಿ ಇಳಿದಾಗ ಮಾವ ಪ್ಲಾಟ್‌ಫಾರ್ಮಿನ ಮೇಲೆ ನಿಂತಿದ್ದ. ತಲೆಯಿಂದ ಚಪ್ಪಲಿವರೆಗೆ ಇಟ್ಟಂಗಿ ಬಣ್ಣ.

"ಸಮುದ್ರ ಎಲ್ಲೈತಿ ಮಾವಾ?"

"ಮಡಗಾಂವ ದಾಟಬೇಕು. ನೀ ಮೊದ್ಲ ಈ ಕಡ್ಲಿಹಿಟ್ಟಿನ ಚೀಲ ಹಿಡಿ ಅಳಿಯಾ."

ಆಮೇಲೆ ಆರು ವರ್ಷ ಅಲ್ಲಿದ್ದೆ. ಸಮುದ್ರ ನೋಡಿದ್ದು ಒಟ್ಟು ನಾಲ್ಕು ಸಲ. ಅದರಲ್ಲಿ ಎರಡು ಸಲ ದೂರದಿಂದ.

ಬಿಳಿ ಅಂಗಿ ಮಧ್ಯಾಹ್ನದೊಳಗೆ ಕೆಂಪಾಯಿತು. ಅತ್ತೆ ಅದನ್ನು ಮೂರು ಬಕೆಟ್ ನೀರಲ್ಲಿ ಜಾಲಾಡಿಸಿದಳು, ಮೂರೂ ಬಕೆಟ್ ಓಕುಳಿ. ಬಿಳಿ ಮಾತ್ರ ವಾಪಸ್ ಬರಲಿಲ್ಲ. ಆ ರಸ್ತೆಯಲ್ಲಿ ಯಾವುದಕ್ಕೂ ಅದರದ್ದೇ ಬಣ್ಣ ಅಂತ ಇರಲಿಲ್ಲ ನೋಡಿ. ಬಾಳೆಗಿಡ ಕೆಂಪು, ನಾಯಿ ಕೆಂಪು, ದೇವರ ಗುಡಿಯ ಸುಣ್ಣ ಕೆಂಪು. ಮಂಡಕ್ಕಿ ಒಗ್ಗರಣೆ ಮಾಡಿಟ್ಟು ಅರ್ಧ ತಾಸು ಬಿಟ್ಟರೆ ಸಾಕು, ಹೊಸ ಗಿರಾಕಿಗಳು "ಖಾರಪುಡಿ ಜಾಸ್ತಿ ಆಗ್ಯಾದ್ರಿ" ಅನ್ನುತ್ತಿದ್ದರು. ಹಳೇ ಗಿರಾಕಿಗಳು ಏನೂ ಅನ್ನುತ್ತಿರಲಿಲ್ಲ. ಅವರ ನಾಲಿಗೆಯೂ ಕೆಂಪೇ.

ಸಾಂಗೆ ತಾಲ್ಲೂಕಿನ ಗುಡ್ಡಗಳಲ್ಲಿ ಕಬ್ಬಿಣದ ಅದಿರು ತೆಗೆಯುತ್ತಿದ್ದರು. ಅಲ್ಲಿಂದ ಟ್ರಕ್ಕಿನಲ್ಲಿ ಜುವಾರಿ ನದಿಯ ಜೆಟ್ಟಿಗೆ, ಜೆಟ್ಟಿಯಿಂದ ಬಾರ್ಜಿನಲ್ಲಿ ಮುರಗಾಂವ್ ಬಂದರಿಗೆ, ಬಂದರಿನಿಂದ ಹಡಗಿನಲ್ಲಿ ಜಪಾನಿಗೋ ಚೀನಾಕ್ಕೋ. ಮೊದಲೆಲ್ಲ ಗ್ರೇಡು ಕಡಿಮೆ ಅಂತ ಗುಡ್ಡೆ ಹಾಕಿ ಬಿಟ್ಟಿದ್ದ ಮಣ್ಣಿಗೂ ಆಗ ಬೇಡಿಕೆ ಬಂದಿತ್ತು. ಬೀಜಿಂಗಿನಲ್ಲಿ 2008ರ ಒಲಿಂಪಿಕ್ಸ್, ಚೀನಾದವರು ಊರಿಗೆ ಊರೇ ಕಟ್ಟುತ್ತಿದ್ದರು, ಕಬ್ಬಿಣ ಎಷ್ಟಿದ್ದರೂ ಸಾಲದು. ಅಲ್ಲಿ ಯಾರೋ ಸ್ಟೇಡಿಯಂ ಕಟ್ಟಿದರೆ ಇಲ್ಲಿ ನಮ್ಮ ಮಾವನ ಮಿರ್ಚಿ ಭಜಿ ಖರ್ಚಾಗುತ್ತಿತ್ತು. 2010-11ರಲ್ಲಂತೂ ಗೋವಾದಿಂದ 4 ಕೋಟಿ ಟನ್‌ಗೂ ಜಾಸ್ತಿ ಅದಿರು ಹೊರಗೆ ಹೋಯಿತು. ಅದರಲ್ಲಿ ಒಂದಿಷ್ಟು ನಮ್ಮ ಚಟ್ನಿಯಲ್ಲೂ ಹೋಗಿದೆ, ಅದು ಲೆಕ್ಕಕ್ಕಿಲ್ಲ.

ಟ್ರಕ್ಕುಗಳ ಸಾಲು ಅಂದ್ರೆ ಸಾಲು. ಒಂದರ ಬಾಲಕ್ಕೆ ಒಂದು ಮೂಗು ತಾಗಿಸಿಕೊಂಡು, ನಮ್ಮೂರ ಬನಶಂಕರಿ ಜಾತ್ರೆಗೆ ಹೊರಟ ಚಕ್ಕಡಿಗಳ ಹಾಗೆ. ಡ್ರೈವರುಗಳಿಗೆ ಟ್ರಿಪ್ ಲೆಕ್ಕದಲ್ಲಿ ದುಡ್ಡು. ಹಾಗಾಗಿ ಸಾಲು ಬಿಟ್ಟು ಯಾರೂ ಇಳಿಯುತ್ತಿರಲಿಲ್ಲ. ಕಿಟ್ಲಿ ಹಿಡಿದು ನಾನೇ ಹತ್ತಬೇಕು. ಒಂದು ಹಾರ್ನ್ ಅಂದ್ರೆ ಚಾ, ಎರಡು ಅಂದ್ರೆ ಚಾ ಮತ್ತೆ ಭಜಿ, ಉದ್ದ ಹಾರ್ನ್ ಅಂದ್ರೆ ಮುಂದಿನ ಟ್ರಕ್ಕಿನವನಿಗೆ ಬೈಗುಳ. ನನಗೆ ಇವು ಕಲಿಯಲು ವಾರ ಹಿಡಿಯಿತು, ಬೈಗುಳಕ್ಕೂ ಚಾ ಕೊಟ್ಟು ಬರುತ್ತಿದ್ದೆ.

ಒಂದಿನ ಫುಟ್‌ಬೋರ್ಡ್ ಮೇಲೆ ನಿಂತು ಹಿಂದಿನ ಬಾಕಿ ಕೇಳುತ್ತಿದ್ದೆ, ಸಾಲು ಸರಿಯಿತು. ಸರಿದದ್ದು ನಿಲ್ಲಲೇ ಇಲ್ಲ. ಡ್ರೈವರ್ ಹಾವೇರಿ ಕಡೆಯವನು, "ಒಳಗ ಬಾರೋ ತಮ್ಮಾ, ಬಿದ್ದೀ ಬಿದ್ದಿ" ಅಂತ ಬಾಗಿಲು ತೆಗೆದ. ಕಿಟ್ಲಿ ಮಡಿಲಲ್ಲಿಟ್ಟುಕೊಂಡು ಕೂತೆ. ಜೆಟ್ಟಿ ಹತ್ತಿರದ ವೇಬ್ರಿಜ್ ಬಂತು. ಅಲ್ಲಿ ಲೋಡ್ ಸಮೇತ ಟ್ರಕ್ ತೂಗುತ್ತಾರೆ, ಖಾಲಿ ಮಾಡಿದ ಮೇಲೆ ಇನ್ನೊಮ್ಮೆ ತೂಗುತ್ತಾರೆ, ಕಳೆದು ಉಳಿದದ್ದು ಅದಿರು. ಲೋಡ್ ತೂಗುವಾಗ ನಾನು ಕ್ಯಾಬಿನ್ನಿನಲ್ಲಿದ್ದೆ. ಖಾಲಿ ತೂಗುವ ಹೊತ್ತಿಗೆ ಮಾವನ ಹೆದರಿಕೆಗೆ ಇಳಿದು ಬೇರೆ ಟ್ರಕ್ ಹತ್ತಿ ವಾಪಸ್ ಹೊರಟಿದ್ದೆ. ಅಂದ್ರೆ ಏನಾಯ್ತು? ಆಗ ನನ್ನ ತೂಕ 52 ಕೆಜಿ, ಕಿಟ್ಲಿ ಬೇರೆ. ಅಷ್ಟೂ ಅದಿರಿನ ಲೆಕ್ಕದಲ್ಲಿ ಚೀನಾಕ್ಕೆ ಹೋಗಿದೆ. ಪಾಸ್‌ಪೋರ್ಟ್ ಇಲ್ಲದೆ ವಿದೇಶಕ್ಕೆ ಹೋದವನು ನಮ್ಮ ವಂಶದಲ್ಲಿ ನಾನೊಬ್ಬನೇ.

ಈ ಲೆಕ್ಕ ಅಂಗಡಿಯಲ್ಲಿ ಹೇಳಿದಾಗ ಮಾವ ಮಾತ್ರ ನಗಲಿಲ್ಲ. "ಅಂಗಿ ಮ್ಯಾಲೆ ಚಾ ಚೆಲ್ಲಿಕೊಂಡಿದ್ದಿ. ಮಾಯಿಶ್ಚರ್ ಕಟ್ ಮಾಡಿರ್ತಾರ ಬಿಡು" ಅಂದ. ಅದಿರು ಒದ್ದೆ ಇದ್ದರೆ ನೀರಿನ ತೂಕ ಕಳೆಯುತ್ತಾರೆ, ಒಣಗಿದ ಲೆಕ್ಕಕ್ಕೇ ದುಡ್ಡು. ಇಷ್ಟೆಲ್ಲ ಮಾವನಿಗೆ ಹೇಗೆ ಗೊತ್ತು ಅಂದ್ರೆ, ಅಂಗಡಿಯ ಬೆಂಚಿನ ಮೇಲೆ ಕೂತವರಿಗೆ ಬೇರೆ ಮಾತೇ ಇರಲಿಲ್ಲ. ಪೊಕ್ಲೇನ್ ಓಡಿಸುವವರು, ಡ್ರಿಲ್ಲಿಂಗ್‌ನವರು, ಲ್ಯಾಬಿನ ಹುಡುಗ, ಜೆಟ್ಟಿಯ ಗುಮಾಸ್ತ, ಗುಡ್ಡ ಗುಡ್ಡ ಅಲೆದು ಅದಿರು ಹುಡುಕುವ ಸರ್ವೆ ಪಾರ್ಟಿಯವರು. ಎಲ್ಲರ ಬಾಯಲ್ಲೂ ಪರ್ಸೆಂಟು, ಅಂದ್ರೆ ಅದಿರಿನಲ್ಲಿ ಕಬ್ಬಿಣ ಎಷ್ಟು ಅಂತ. ನಮ್ಮ ಮಾಲು 58, ಅವರದ್ದು 62. ಸ್ವಲ್ಪ ದಿನಕ್ಕೆ ಚಾಕ್ಕೂ ಗ್ರೇಡ್ ಬಂತು. "ಇದರಾಗ ಹಾಲು ಎಷ್ಟು ಪರ್ಸೆಂಟ್ ಐತ್ರಿ ಮಾವಾರ?" ಅಂತ ಒಬ್ಬ ಕೇಳಿದರೆ, "ಇದು ಚೀನಾದ ಮಾಲು. ಜಪಾನ್ ಮಾಲು ಬೇಕಂದ್ರ ಒಂದು ರೂಪಾಯಿ ಜಾಸ್ತಿ" ಅಂತ ಮಾವ. ಒಬ್ಬ ಡ್ರೈವರ್ ತಾನು ಹೇರಿದ್ದು 80 ಪರ್ಸೆಂಟ್ ಮಾಲು ಅಂತ ಕೊಚ್ಚಿಕೊಂಡು ಎಲ್ಲರಿಂದ ಉಗಿಸಿಕೊಂಡ. ಹೆಮಟೈಟ್ ಅನ್ನುವ ಆ ಅದಿರು ಎಷ್ಟೇ ಶುದ್ಧ ಇದ್ದರೂ ಕಬ್ಬಿಣ 70 ಪರ್ಸೆಂಟ್ ದಾಟುವುದಿಲ್ಲ, ಉಳಿದದ್ದು ಆಮ್ಲಜನಕ. ಆ ಡ್ರೈವರಿಗೆ ಕೊನೇವರೆಗೂ ಎಂಬತ್ತು ಅಂತಲೇ ಹೆಸರು ಉಳಿಯಿತು.

ಸರ್ವೆ ಪಾರ್ಟಿಯಲ್ಲಿ ಒಬ್ಬರಿದ್ದರು, ಧಾರವಾಡದಲ್ಲಿ ಭೂವಿಜ್ಞಾನ ಓದಿದವರು. ನಾವು ಕಲ್ಲು ಸಾರ್ ಅನ್ನುತ್ತಿದ್ದೆವು. ಕೊರಳಲ್ಲಿ ದಾರಕ್ಕೆ ಕಟ್ಟಿದ ಒಂದು ಭೂತಗನ್ನಡಿ, ಸೊಂಟದಲ್ಲಿ ಸುತ್ತಿಗೆ. ಅವರ ಕಣ್ಣು ಮನುಷ್ಯರ ಮುಖದ ಮೇಲೆ ನಿಲ್ಲುತ್ತಲೇ ಇರಲಿಲ್ಲ, ಕಾಲ ಕೆಳಗೇ ಇರುತ್ತಿತ್ತು. ಅತ್ತೆ ನೀರು ಕಾಯಿಸಲು ಇಟ್ಟಿದ್ದ ಮೂರು ಒಲೆಗಲ್ಲುಗಳಲ್ಲಿ ಒಂದನ್ನು ಅವರು ಮೊದಲನೇ ದಿನವೇ ಒಡೆದು ನೋಡಿದರು. ಒಳಗೆ ಏನೂ ಇರಲಿಲ್ಲ. ಒಲೆಯೂ ಇರಲಿಲ್ಲ ಆಮೇಲೆ.

ಡ್ರೈವರುಗಳಿಗೆ ಗಾಜಿನ ಗ್ಲಾಸು, ಸಾಹೇಬರಿಗೆ ಕಪ್ಪು-ಬಸಿ, ಇದು ಅಂಗಡಿಯ ಶಿಸ್ತು. ಕಲ್ಲು ಸಾರ್‌ಗೆ ಚಾಕ್ಕಿಂತ ಬಸಿಯೇ ಮುಖ್ಯ. ಬಸಿ ಮಗುಚಿದರೆ ಕೆಳಗೆ ಒಂದು ಬಳೆಯಂಥ ಅಂಚು ಇರುತ್ತದಲ್ಲ, ಹೊಳಪು ಹತ್ತದ ಒರಟು ಪಿಂಗಾಣಿ, ಅದರ ಮೇಲೆ ಕಲ್ಲು ತಿಕ್ಕುತ್ತಿದ್ದರು. ಕಲ್ಲು ಹೊರಗೆ ಎಷ್ಟೇ ಕಪ್ಪಿರಲಿ, ಗೆರೆ ಕೆಂಪು ಬಂದರೆ ಹೆಮಟೈಟು, ಕಪ್ಪು ಬಂದರೆ ಮ್ಯಾಗ್ನೆಟೈಟು, ಹಳದಿ-ಕಂದು ಬಂದರೆ ಲಿಮೊನೈಟಿನ ಜಾತಿ, ಅಂದ್ರೆ ನಮ್ಮ ಜಂಬಿಟ್ಟಿಗೆ ಕಲ್ಲಿನ ಸಂಬಂಧಿಕ. "ಕಲ್ಲು ಮಾರಿಲೆ ಸುಳ್ಳು ಹೇಳ್ತೈತಿ, ಗೆರಿ ಎಳದ್ರ ಖರೇ ಹೇಳ್ತೈತಿ" ಅನ್ನುತ್ತಿದ್ದರು. ಅವರು ಎದ್ದು ಹೋದ ಮೇಲೆ ಅತ್ತೆ ಬೂದಿ ಹಾಕಿ ಬಸಿ ತಿಕ್ಕುತ್ತಾ ಅವರ ಇಡೀ ಖಾನದಾನಿಗೆ ಗೆರೆ ಎಳೆಯುತ್ತಿದ್ದಳು.

ಇನ್ನೊಬ್ಬರು ಸ್ಥಳದ ಅಜ್ಜ. ಎಲ್ಲರೂ ಪಾತ್ರಾಂವ್ ಅಂತ ಕರೆಯುತ್ತಿದ್ದರು, ಕೊಂಕಣಿಯಲ್ಲಿ ಯಜಮಾನ ಅಂತ ಅರ್ಥ, ಪೋರ್ಚುಗೀಸರು ಬಿಟ್ಟುಹೋದ ಶಬ್ದ. ಅವರ ಜೇಬಲ್ಲಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಒಂದು ಪೋರ್ಚುಗೀಸ್ ಕಾಗದ ಇರುತ್ತಿತ್ತು. ಪೋರ್ಚುಗೀಸರ 1906ರ ಕಾನೂನಿನ ಪ್ರಕಾರ ಅದಿರು ಕಂಡವನು ಹೋಗಿ ಮೊದಲು ದಾಖಲು ಮಾಡಿಸಬೇಕಿತ್ತು, ಅದಕ್ಕೆ ಮ್ಯಾನಿಫೆಸ್ಟ್ ಅನ್ನುತ್ತಿದ್ದರು, ಆಮೇಲೆ ಕಾಲಮಿತಿ ಇಲ್ಲದ ಗಣಿ ಹಕ್ಕು. ಇವರ ಅಜ್ಜ ಗೇರು ಗಿಡಕ್ಕೆ ಗುಂಡಿ ತೋಡುವಾಗ ಕಪ್ಪು ಕಲ್ಲು ಕಂಡು ಮ್ಯಾನಿಫೆಸ್ಟ್ ಮಾಡಿಸಿದ್ದರಂತೆ. ಗುಡ್ಡ ಆಮೇಲೆ ಯಾರದೋ ಕೈ ಸೇರಿ, ಕಾಗದ ಇವರ ಜೇಬಲ್ಲಿ ಉಳಿದಿತ್ತು. ನಮ್ಮ ಅಂಗಡಿ ನಿಂತ ಜಾಗವೂ ಆ ಗುಡ್ಡದ ಕಾಲಬುಡಕ್ಕೇ ಸೇರಿದ್ದು ಅಂತ ಅವರ ವಾದ. ಅದರ ರಾಯಲ್ಟಿ ದಿನಕ್ಕೆ ಒಂದು ಚಾ. ಮಾವ ಎರಡು ವರ್ಷ ಕೊಟ್ಟ. ಆಮೇಲೆ ಕಲ್ಲು ಸಾರ್ ಬಾಯಿಂದ, 1987ರಲ್ಲಿ ಸಂಸತ್ತು ಆ ಹಳೇ ಹಕ್ಕುಗಳನ್ನೆಲ್ಲ ರದ್ದು ಮಾಡಿ ಲೀಸ್ ಮಾಡಿದೆ ಅಂತ ಗೊತ್ತಾಯಿತು. ಮಾರನೇ ದಿನ ಪಾತ್ರಾಂವ್ ಬಂದಾಗ ಮಾವ ಮೂರು ಭಾಷೆ ಕಲಸಿ ಕಾಯ್ದೆ ಓದಿ ಹೇಳಿದ. ಅಜ್ಜ ಪೂರ್ತಿ ಕೇಳಿಸಿಕೊಂಡು, "ಕೇಸು ಇನ್ನೂ ಸುಪ್ರೀಂ ಕೋರ್ಟಿನಲ್ಲಿದೆ. ಚಾ ಹಾಡ್" ಅಂದರು. ಚಾ ತಾ ಅಂತ. ಕೇಸು ನಿಜವಾಗಿಯೂ ಇತ್ತು. ಚಾ ಮುಂದುವರಿಯಿತು.

ಡ್ರಿಲ್ಲಿಂಗ್‌ನವರು ಒಮ್ಮೆ ಬಾಕಿ ತೀರಿಸಲಾಗದೆ ಒಂದು ಕೋರ್ ಬಾಕ್ಸ್ ಬಿಟ್ಟುಹೋದರು. ಗುಡ್ಡಕ್ಕೆ ಕೊಳವೆ ಇಳಿಸಿ ಕೊರೆದಾಗ ಕಲ್ಲು ಉದ್ದುದ್ದ ಕೋಲಿನ ಹಾಗೆ ಬರುತ್ತದೆ, ಅದನ್ನು ಸಾಲಾಗಿ ಜೋಡಿಸಿಡುವ ಮರದ ಪೆಟ್ಟಿಗೆ ಅದು, ಒಳಗೆ ಉದ್ದಕ್ಕೆ ಪಟ್ಟಿ ಪಟ್ಟಿ ಅಂಕಣ, ಪ್ರತಿ ಅಂಕಣದ ತುದಿಗೂ ಇಷ್ಟು ಮೀಟರಿಂದ ಇಷ್ಟು ಮೀಟರ್ ಅಂತ ಬಣ್ಣದಲ್ಲಿ ಬರೆದ ಅಂಕಿ. ಅತ್ತೆ ಅದನ್ನು ಬಿಸಿನೀರಲ್ಲಿ ತೊಳೆದು, ಪೇಪರ್ ಹಾಸಿ, ಭಜಿ ಜೋಡಿಸಿದಳು. ದೇವರು ಆ ಪೆಟ್ಟಿಗೆಯನ್ನು ಮಿರ್ಚಿಗೋಸ್ಕರವೇ ಅಳತೆ ಕೊಟ್ಟು ಮಾಡಿಸಿದ್ದ ಅನಿಸುತ್ತದೆ. ಮೇಲಿನ ಅಂಕಣದಲ್ಲಿ ಉಳ್ಳಾಗಡ್ಡಿ ಭಜಿ, ನಡುವೆ ಆಲೂಗಡ್ಡೆ, ಕೆಳಗೆ ಮಿರ್ಚಿ. ಡ್ರಿಲ್ಲಿಂಗ್ ಹುಡುಗರು ಬಂದರೆ "ಹದಿನಾಲ್ಕು ಮೀಟರ್ ಆಳದ್ದು ಎರಡು ಕೊಡ್ರಿ" ಅನ್ನುತ್ತಿದ್ದರು. ತಣ್ಣಗಾಗಿದ್ದರೆ, "ಇದು ಡಂಪಿಗೆ ಹಾಕೂ ಮಾಲು."

ಈಗ ಕಲ್ಲಿಗೆ ಬರುತ್ತೇನೆ.

ಕಲ್ಲು ಸಾರ್ ಒಂದು ಸಂಜೆ ನಾಲ್ಕು ಜನರನ್ನು ಕರಕೊಂಡು ಬಂದು ತಿಂದರು. ಬಿಲ್ಲು 47 ರೂಪಾಯಿ. ಪರ್ಸು ಗುಡ್ಡದ ಮೇಲೆ ಟೆಂಟಿನಲ್ಲಿ. ಮಾವನಿಗೆ ಉದ್ರಿ ಅಂದ್ರೆ ಆಗದು, ಹಾಗಂತ ಉದ್ರಿ ಪುಸ್ತಕ ಮಾತ್ರ ನಮ್ಮ ಅಂಗಡಿಯ ಅತಿ ದಪ್ಪ ವಸ್ತು. ಸಾರ್ ಚೀಲದಿಂದ ಒಂದು ಕಲ್ಲು ತೆಗೆದರು. ಮುಷ್ಟಿಯಷ್ಟೂ ಇಲ್ಲ, ಕಪ್ಪಗೆ, ಎಣ್ಣೆ ಸವರಿದ ಹಾಗೆ ಮಿರಮಿರ. "ಮಾವಾರ, ಇದು ಅರವತ್ತೈದು ಪರ್ಸೆಂಟ್ ಮಾಲು. ಅಡವು ಇಟ್ಕೊಳ್ರಿ, ಬಂದು ಬಿಡಿಸ್ಕೊಂಡು ಹೋಗ್ತೀನಿ." ಮಾವ ಕೈಗೆ ತಗೊಂಡು ಬೆಚ್ಚಿದ. ಅಷ್ಟು ಚಿಕ್ಕ ಕಲ್ಲು ಅಷ್ಟು ಭಾರ ಇರುತ್ತೆ ಅಂತ ಕೈ ಅಂದುಕೊಂಡಿರುವುದಿಲ್ಲ. ಒಳ್ಳೇ ಹೆಮಟೈಟು ನೀರಿಗಿಂತ ಸುಮಾರು ಐದು ಪಟ್ಟು ಭಾರ, ಜಂಬಿಟ್ಟಿಗೆ ಅದರ ಅರ್ಧವೂ ತೂಗುವುದು ಕಷ್ಟ. ಈ ಒಂದು ವಾಕ್ಯ ಅವತ್ತು ನನಗೆ ಗೊತ್ತಿದ್ದಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ.

ಅದೇ ವಾರ ನಮ್ಮ ತಕ್ಕಡಿಯ ಅರ್ಧ ಕಿಲೋ ಬಟ್ಟು ಕಳೆದಿತ್ತು. ಯಾರೋ ಕ್ಲೀನರ್ ಹುಡುಗ ಮೊಳೆ ಬಡಿಯಲು ಒಯ್ದವನು ಅದನ್ನು ಜೆಟ್ಟಿಗೋ, ಬಾರ್ಜಿಗೋ, ಚೀನಾಕ್ಕೋ ಮುಟ್ಟಿಸಿದ್ದ. ಅತ್ತೆ ಒಂದು ಬದಿಗೆ ಅರ್ಧ ಕಿಲೋ ಉಪ್ಪಿನ ಪಾಕೀಟು, ಇನ್ನೊಂದು ಬದಿಗೆ ಸಾರ್ ಕಲ್ಲು ಇಟ್ಟು ನೋಡಿದಳು. ಕಲ್ಲು ಕೂದಲೆಳೆಯಷ್ಟು ಜಾಸ್ತಿ. ಉಪ್ಪಿನ ಬದಿಗೆ ಟ್ರಕ್ಕಿನ ಒಂದು ನಟ್ ಹಾಕಿದಳು, ಮುಳ್ಳು ನಟ್ಟಗೆ ನಿಂತಿತು. ಅವತ್ತಿನಿಂದ ಆ ಕಲ್ಲೇ ಅಡುಗೆಮನೆಯ ಬಟ್ಟು, ಆ ನಟ್ಟೇ ಅದರ ಜೋಡಿ. ಭಜಿ ಹಿಟ್ಟಿನ ಲೆಕ್ಕ ಒಂದು ಕಲ್ಲು ಹಿಟ್ಟಿಗೆ ಒಂದು ಚೊಂಬು ನೀರು. ಎರಡು ವರ್ಷ ಒಂದು ಭಜಿ ಹದ ತಪ್ಪಲಿಲ್ಲ. ಕಲ್ಲು ಸಾರ್ ಬಂದಾಗಲೆಲ್ಲ ಅದನ್ನು ನೋಡಿ ಖುಷಿಪಡುತ್ತಿದ್ದರು, ಹೊಸ ಬಿಲ್ಲು ಕೊಟ್ಟು ಹೋಗುತ್ತಿದ್ದರು, ಆ 47 ಮಾತ್ರ ಹಾಗೇ ಉಳಿಯುತ್ತಿತ್ತು. ಅದು ಇಬ್ಬರಿಗೂ ಒಂಥರಾ ಸಂಬಂಧ ಆಗಿಬಿಟ್ಟಿತ್ತು.

ನನಗೆ ಮಾತ್ರ ಒಂದೇ ಹುಳ. ಅದು ನಿಜವಾಗಿಯೂ ಅರವತ್ತೈದಾ? ಸಾರ್ ಗೆರೆ ಎಳೆದು ಜಾತಿ ಹೇಳುತ್ತಾರೆ, ಪರ್ಸೆಂಟ್ ಹೇಗೆ ಹೇಳಿದರು? ಲ್ಯಾಬಿನ ಹುಡುಗನನ್ನು ಕೇಳಿದೆ. "ಕೊಡ್ರಿ ಅಣ್ಣಾರ, ನಮ್ಮ ಸ್ಯಾಂಪಲ್ ಜೋಡಿ ಹಾಕಿ ನೋಡಿಬಿಡ್ತೀನಿ. ಸಂಜೀಕ ವಾಪಸ್" ಅಂದ. ಸಂಜೆವರೆಗೆ ಅತ್ತೆಗೆ ಗೊತ್ತಾಗಬಾರದಲ್ವಾ? ಅಂಗಡಿ ಹಿಂದೆ ಹೋಗಿ, ಗಾತ್ರದಲ್ಲಿ ಥೇಟ್ ಅದರ ಅಣ್ಣತಮ್ಮನ ಹಾಗಿದ್ದ ಒಂದು ಜಂಬಿಟ್ಟಿಗೆ ಚೂರು ಹುಡುಕಿ, ಒಲೆಯ ಮಸಿ ಬಳಿದು, ತಕ್ಕಡಿಯಲ್ಲಿಟ್ಟೆ. ನೋಡಲು ಏನೂ ಫರಕಿಲ್ಲ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಅವತ್ತೇ ಗಣಿಯಲ್ಲಿ ಏನೋ ದೊಡ್ಡ ಸಾಹೇಬರ ಭೇಟಿ ಅಂತ ಟ್ರಕ್ಕು ನಿಲ್ಲಿಸಿದ್ದರು. ಸಾಲು ಕಣ್ಣು ಹರಿಯುವಷ್ಟು ದೂರ. ಎಲ್ಲರಿಗೂ ಹಸಿವು, ಎಲ್ಲರಿಗೂ ಮಿರ್ಚಿ. ಅತ್ತೆ ಕಲ್ಲಿಟ್ಟು ಹಿಟ್ಟು ತೂಗಿದಳು, ಕಾಲು ಕಿಲೋನೂ ಬಂದಿರಲಿಕ್ಕಿಲ್ಲ. ಚೊಂಬಿನ ನೀರು ಮಾತ್ರ ಪೂರ್ತಿ. ಒಂದು ಕೈಯಲ್ಲಿ ಹಿಟ್ಟು ಕಲಸುತ್ತಾ, ಇನ್ನೊಂದು ಕೈಯಲ್ಲಿ ಒಲೆ ಊದುತ್ತಾ, ಬಾಯಲ್ಲಿ ನನಗೆ ಬೈಯುತ್ತಾ ಇದ್ದವಳಿಗೆ ಹದ ನೋಡಲು ಪುರುಸೊತ್ತೆಲ್ಲಿ? ಮೆಣಸಿನಕಾಯಿ ಅದ್ದಿ ಎಣ್ಣೆಗೆ ಬಿಟ್ಟಳು. ಹಿಟ್ಟು ಒಂದು ಕಡೆ ಹೋಯಿತು, ಮೆಣಸಿನಕಾಯಿ ಒಂದು ಕಡೆ. ಬಾಣಲೆ ತುಂಬ ಬರಿಮೈ ಮಿರ್ಚಿಗಳು. ಒಂದೊಂದಾಗಿ ಪಟ್ ಪಟ್ ಅಂತ ಸಿಡಿಯತೊಡಗಿದವು, ಬೀಜ ಎಣ್ಣೆಗೆ ಬಿದ್ದು ಎದ್ದ ಘಾಟು ಇದೆಯಲ್ಲ, ಅದು ಗಾಳಿಯ ಜೊತೆ ಟ್ರಕ್ಕಿನ ಸಾಲು ಹಿಡಿದು ಹೊರಟಿತು. ಮೊದಲ ಟ್ರಕ್ಕಿನವನು ಕೆಮ್ಮಿದ, ಎರಡನೆಯವನು ಕೆಮ್ಮಿದ, ಹಾಗೇ ಕೆಮ್ಮು ಸಾಲಿನ ಉದ್ದಕ್ಕೂ ಕೈಯಿಂದ ಕೈಗೆ ದಾಟಿಸಿದ ಹಾಗೆ ಹೋಯಿತು. ದೂರದಲ್ಲಿ ಯಾರೋ ಉದ್ದ ಹಾರ್ನ್ ಹೊಡೆದರು. ಪಾತ್ರಾಂವ್ ಕಣ್ಣೊರೆಸಿಕೊಳ್ಳುತ್ತಾ "ಬ್ಲಾಸ್ಟಿಂಗಾ?" ಅಂತ ಕೇಳಿದರು.

ಮಾವ ಬಂದು ತಕ್ಕಡಿಯಿಂದ ಕಲ್ಲು ಎತ್ತಿದ. ಎತ್ತಿದ ಕೈ ಸೀದಾ ಮೇಲಕ್ಕೆ ಹೋಯಿತು, ಭಾರ ಇರುತ್ತೆ ಅಂತ ಎತ್ತಿದ್ದನಲ್ಲ. ಬೆರಳಿಗೆಲ್ಲ ಮಸಿ. ಮಸಿಯ ಕೈಯಲ್ಲೇ ನನ್ನ ಕೆನ್ನೆಗೆ ಒಂದು ಕೊಟ್ಟ. "ಕಲ್ಲು ಎಲ್ಲಿ?"

ಸಂಜೆ ಲ್ಯಾಬಿನ ಹುಡುಗ ಬಂದ. ನಗುನಗುತ್ತಾ ಒಂದು ಸಣ್ಣ ಕಾಗದದ ಪೊಟ್ಟಣ ಕೈಗಿಟ್ಟ. ಬಿಚ್ಚಿ ನೋಡಿದರೆ ಕೆಂಪು ಪುಡಿ, ಒಂದು ಹಿಡಿ.

"ಕಲ್ಲು?"

"ಇದ ಕಲ್ಲು. ಪುಡಿ ಮಾಡ್ಲಾರದ ಟೆಸ್ಟ್ ಹೆಂಗ ಮಾಡೂದ್ರಿ ಅಣ್ಣಾರ?"

ಮೊದಲು ಕಲ್ಲನ್ನು ಪುಡಿ ಮಾಡುತ್ತಾರಂತೆ. ಪುಡಿಯನ್ನು ಗುಡ್ಡೆ ಮಾಡಿ, ಚಪ್ಪಟೆ ಮಾಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಎಸೆದು, ಉಳಿದದ್ದನ್ನು ಮತ್ತೆ ಗುಡ್ಡೆ ಮಾಡಿ, ಹೀಗೇ ಕಡಿಮೆ ಮಾಡುತ್ತಾ ಹೋಗಿ ಕೊನೆಗೆ ಉಳಿದ ಚಿಟಿಕೆಯನ್ನು ಪರೀಕ್ಷೆ ಮಾಡುತ್ತಾರಂತೆ. ಎಲ್ಲ ಪದ್ಧತಿ ಪ್ರಕಾರವೇ ಆಗಿತ್ತು. "ಐವತ್ತೆಂಟು ಬಂತು" ಅಂದ. ಆಮೇಲೆ ದನಿ ಇಳಿಸಿ, "ಅಣ್ಣಾರ, ಪುಡಿ ಮಾಡೂಮುಂದ ಇಡೀ ಲ್ಯಾಬ್ ಭಜಿ ವಾಸನಿ ಹೊಡೀತು" ಅಂದ.

ಅಡವು ಇಟ್ಟ ಬಂಗಾರ ಕಾಗೆಬಂಗಾರ ಅಂತ ಗೊತ್ತಾದರೆ ಸಾಹುಕಾರನಿಗೆ ಸಿಟ್ಟು ಬರುತ್ತದೆ. ಆದರೆ ಆ ಬಂಗಾರವನ್ನು ಸಾಹುಕಾರನ ಅಳಿಯನೇ ಅರೆದು ಪುಡಿ ಮಾಡಿಸಿದ್ದರೆ ಯಾರ ಮೇಲೆ ಸಿಟ್ಟಾಗುವುದು? ಮಾವ ಬಹಳ ಹೊತ್ತು ಯೋಚನೆ ಮಾಡಿ ಎರಡು ಕೆಲಸ ಮಾಡಿದ. ಹೊಸ ಅರ್ಧ ಕಿಲೋ ಬಟ್ಟು ಕೊಂಡು ನನ್ನ ಪಗಾರದಲ್ಲಿ ಮುರಿದುಕೊಂಡ. ಮಸಿ ಬಳಿದ ಜಂಬಿಟ್ಟಿಗೆ ಕಲ್ಲನ್ನು ಉದ್ರಿ ಪುಸ್ತಕದ ಮೇಲೆ ಇಟ್ಟ, ಹಾಳೆ ಹಾರದಿರಲಿ ಅಂತ ಹೇಳಿದ, ನನಗೆ ದಿನಾ ಕಾಣಲಿ ಅಂತ ಇಟ್ಟಿದ್ದು. ಕಲ್ಲು ಸಾರ್‌ಗೆ ಹೇಳಬೇಕೋ ಬೇಡವೋ ಅನ್ನುವುದರಲ್ಲಿ ಸೀಸನ್ ಮುಗಿದು ಮಳೆಗಾಲ ಬಂತು. ಆಮೇಲೆ ಅವರೂ ಬೇರೆ ಗುಡ್ಡಕ್ಕೆ ಹೋದರು.

ಮಧ್ಯದ ವರ್ಷಗಳನ್ನು ಬೇಗ ದಾಟಿಸಿಬಿಡುತ್ತೇನೆ, ಎಲ್ಲ ವರ್ಷವೂ ಅದೇ ಧೂಳು. ಗದ್ದೆಯವರು ಆಗಾಗ ರಸ್ತೆಗೆ ಅಡ್ಡ ಕೂತು ಟ್ರಕ್ಕು ನಿಲ್ಲಿಸುತ್ತಿದ್ದರು. ಗಣಿಯ ಗುಂಡಿ ಅಂತರ್ಜಲಕ್ಕಿಂತ ಕೆಳಗೆ ಇಳಿದಿತ್ತು, ಪಂಪು ಹಚ್ಚಿ ನೀರು ಹೊರಗೆ ಹಾಕಿದರೆ ಅವರ ಬಾವಿ ಬತ್ತದೆ ಇನ್ನೇನು? ಅವರ ಸಿಟ್ಟು ನ್ಯಾಯವಾದದ್ದೇ. ಆದರೂ ಟ್ರಕ್ಕು ನಿಂತರೆ ನಮ್ಮ ವ್ಯಾಪಾರ ಜಾಸ್ತಿ, ಧರಣಿ ಕೂತವರೂ ಚಾ ಕುಡಿಯುತ್ತಾರೆ. ನಮ್ಮನ್ನು ಘಾಟಿ, ಅಂದ್ರೆ ಘಟ್ಟದ ಆಚೆಯವರು, ಅಂತ ಬೈದವರೂ ಎರಡನೇ ಚಾ ಹೊತ್ತಿಗೆ "ಬಾಬಾ, ಮಿರ್ಚಿ ಆಸಾ?" ಅನ್ನುತ್ತಿದ್ದರು.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ನಮ್ಮ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಮಳೆ ಮುಗಿದ ಮೇಲೆ ಸಂಡೂರಿನಿಂದ ಒಬ್ಬ ಡ್ರೈವರ್ ಕೆಲಸ ಹುಡುಕಿಕೊಂಡು ನಮ್ಮ ಬೆಂಚಿಗೆ ಬಂದ. "ಅಲ್ಲೆ ಮುಗೀತ್ರಿ, ಇನ್ನ ಇಲ್ಲೇ" ಅಂದ. ಒಂದು ಸೀಸನ್ ದುಡಿದ. 2012ರ ಸೆಪ್ಟೆಂಬರ್ 7ಕ್ಕೆ, ಅಕ್ರಮ ಗಣಿಗಾರಿಕೆಯ ತನಿಖೆ ಮಾಡಿದ ಶಾ ಆಯೋಗದ ವರದಿ ಸಂಸತ್ತಿನಲ್ಲಿ ಬಂತು, 10ನೇ ತಾರೀಖು ಗೋವಾ ಸರ್ಕಾರ ಗಣಿ ನಿಲ್ಲಿಸಿತು, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟೂ ತಡೆ ಹಾಕಿತು. ಅಂಗಡಿಯಲ್ಲಿ ಆಯೋಗವನ್ನು ಯಾರೂ ಬೈಯಲಿಲ್ಲ, ಎಲ್ಲರೂ ಸಂಡೂರಿನವನ ಮುಖ ನೋಡಿದರು. "ಇವನ ಕಾಲಗುಣ ನೋಡ್ರಿ" ಅಂದಳು ಅತ್ತೆ. ಪಾಪ, ಅವನು ಚಾಕ್ಕೆ ದುಡ್ಡು ಕೊಟ್ಟು ಹೋದ. ಆ ವಾರ ದುಡ್ಡು ಕೊಟ್ಟವನು ಅವನೊಬ್ಬನೇ.

ಉಳಿದವರು ಸಾಮಾನು ಕೊಟ್ಟರು. ಮೂರು ತಾಡಪಾಲು, ಒಂದು ಜಾಕು, ಐದು ರಾಗದಲ್ಲಿ ಕೂಗುವ ಒಂದು ಹಾರ್ನ್. ಮಾವ ಊರಿಗೆ ವಾಪಸ್ ಹೋಗುವ ಲೆಕ್ಕ ಹಾಕುತ್ತಿದ್ದ. ಮಳೆ ಇನ್ನೂ ಹನಿಯುತ್ತಿತ್ತು, ರಸ್ತೆ ಖಾಲಿ, ಆರು ವರ್ಷದಲ್ಲಿ ಮೊದಲ ಸಲ ಬಾಳೆಗಿಡ ಹಸಿರು ಕಂಡಿತು. ಅಂಥ ಒಂದು ಮಧ್ಯಾಹ್ನ ಕಲ್ಲು ಸಾರ್ ಬಂದರು. ಕೈಯಲ್ಲಿ ಸೂಟ್‌ಕೇಸು. ಕೆಲಸ ಹೋಗಿತ್ತು, ಹುಬ್ಬಳ್ಳಿ ರೈಲಿಗೆ ಇನ್ನೂ ಹೊತ್ತಿತ್ತು.

ಅತ್ತೆ ಕೇಳದೇ ಕಪ್ಪು-ಬಸಿಯಲ್ಲಿ ಚಾ ತಂದಿಟ್ಟಳು. ಸಾರ್ ಕುಡಿದರು. ಆಮೇಲೆ ಪರ್ಸಿನಿಂದ ಐವತ್ತರ ನೋಟು ತೆಗೆದು, "ಮಾವಾರ, ನಲವತ್ತೇಳು. ಮೂರು ರೂಪಾಯಿ ಬಡ್ಡಿ. ನನ್ನ ಕಲ್ಲು ಕೊಡ್ರಿ" ಅಂದರು.

ಮಾವ ನನ್ನ ಮುಖ ನೋಡಿದ. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಒಲೆ ನೋಡಿದಳು, ಒಲೆ ಆರಿತ್ತು. ಕೊನೆಗೆ ಮಾವ ಏನೂ ಆಗದವನ ಹಾಗೆ ಉದ್ರಿ ಪುಸ್ತಕದ ಮೇಲಿನ ಕಲ್ಲು ಎತ್ತಿ ಸಾರ್ ಕೈಗೆ ಕೊಟ್ಟ. ಮಸಿ ಇನ್ನೂ ಅಷ್ಟಿಷ್ಟು ಇತ್ತು, ಅದೊಂದೇ ಧೈರ್ಯ.

ಸಾರ್ ಕಲ್ಲನ್ನು ಅಂಗೈಯಲ್ಲಿ ಎರಡು ಸಲ ಮೇಲೆ ಕೆಳಗೆ ಮಾಡಿದರು. ಏನೂ ಅನ್ನಲಿಲ್ಲ. ಬಸಿಯಲ್ಲಿ ಉಳಿದ ಎರಡು ಹನಿ ಚಾ ಚೆಲ್ಲಿ, ಬಸಿ ಮಗುಚಿ, ಒರಟು ಅಂಚಿನ ಮೇಲೆ ಕಲ್ಲು ತಿಕ್ಕಿ ಒಂದು ಗೆರೆ ಎಳೆದರು. ಮೂವರೂ ಬಗ್ಗಿ ನೋಡಿದೆವು. ಗೆರೆ ಹಳದಿ ಬಂತು.

ಸಾರ್ ಐವತ್ತರ ನೋಟನ್ನು ನಾಲ್ಕು ಮಡಿಕೆ ಮಾಡಿ ವಾಪಸ್ ಪರ್ಸಿಗೆ ಹಾಕಿಕೊಂಡರು. "ಇನ್ನೊಂದು ಚಾ ತಾರೋ ತಮ್ಮಾ" ಅಂದರು. "ಲೆಕ್ಕಕ್ಕ ಬರಿ."